ಹನ್ನೆರಡಕ್ಕೆ ಹತ್ತು ನಿಮಿಷ

ಓರಿನ್ ಟಾಲ್‌ಕಟ್‌ಗೆ ಬೇಕಾಗಿದ್ದದ್ದು ಒಂದು ಕುರ್ಚಿ, ಅಷ್ಟೇ. ರಾಜ್ಯದ ಸುಪ್ರೀಂ ಕೋರ್ಟಿನ ಐದು ಕುರ್ಚಿಗಳಲ್ಲಿ ಎಡತುದಿಯದು. ಬೆನ್ನಿಗೆ ಚರ್ಮದ ಒರಗು, ಕೈಯಿಡಲು ಓಕ್ ಮರದ ತೋಳು, ನ್ಯಾಯಾಧೀಶರನ್ನೂ ಜನರೇ ಆರಿಸುವ ರಾಜ್ಯವಾದರೂ ಎಂಟು ವರ್ಷಕ್ಕೊಮ್ಮೆ ಮಾತ್ರ ಓಟು ಕೇಳುವ ಕಾಟ. ಅದರಲ್ಲಿ ಕೂತಿದ್ದ ಮುದುಕ ನ್ಯಾಯಾಧೀಶರು ಬರುವ ಜನವರಿಗೆ, ಅಂದರೆ ೧೯೧೩ರ ಮೊದಲಿಗೆ, ಎದ್ದು ಮನೆಗೆ ಹೋಗುವವರಿದ್ದರು.

ಇಪ್ಪತ್ತಾರು ವರ್ಷದಿಂದ ಟಾಲ್‌ಕಟ್ ರಾಜಕೀಯದಲ್ಲಿದ್ದ. ಹಳೆಯ ಜಡ್ಜೊಬ್ಬರ ಕಚೇರಿಯ ನೆಲ ಗುಡಿಸುತ್ತ ಕಾನೂನು ಓದಿ ವಕೀಲನಾದವನು. ಕೌಂಟಿಯ ಸರ್ಕಾರಿ ವಕೀಲನಾಗಿದ್ದಾಗ ಸಾರಾಯಿ ಅಂಗಡಿಯವರನ್ನು ಕೋರ್ಟಿಗೆಳೆದನೆಂದು ಒಂದು ಚುನಾವಣೆ ಸೋತ, ಅದೇ ಕಾರಣಕ್ಕೆ ಮುಂದಿನದನ್ನು ಗೆದ್ದ. ಆಮೇಲೆ ಆರು ಸಲ ಶಾಸನಸಭೆಗೆ ಹೋದ. ಈಗ ಒಂದೂವರೆ ವರ್ಷದಿಂದ ಅಟಾರ್ನಿ ಜನರಲ್, ಅಂದರೆ ರಾಜ್ಯದ ಪರವಾಗಿ ಕೋರ್ಟಿನಲ್ಲಿ ನಿಲ್ಲುವ ದೊಡ್ಡ ವಕೀಲ. ಆ ಹುದ್ದೆಯವರನ್ನು ಊರೆಲ್ಲ ‘ಜನರಲ್’ ಎಂದು ಕರೆಯುವುದು ವಾಡಿಕೆ. ಜನ್ಮದಲ್ಲಿ ಒಂದು ಮೊಲವನ್ನೂ ಹೊಡೆಯದ ಟಾಲ್‌ಕಟ್‌ಗೆ ಹಾಗೆ ಕರೆದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಚರ್ಚುಗಳ ನೆಲಮಾಳಿಗೆಯಲ್ಲಿ ಅವನು ತಿಂದ ಕೋಳಿ ಊಟಗಳಿಗೆ ಲೆಕ್ಕವಿಲ್ಲ. ಎತ್ತಿ ಮುದ್ದಾಡಿದ ಕೂಸುಗಳಲ್ಲಿ ಕೆಲವು ಬೆಳೆದು, ಮೀಸೆ ಬಂದು, ಈಗ ಎದುರು ಪಕ್ಷದಲ್ಲಿದ್ದವು. ಮಂಡಿ ಹೋಗಿತ್ತು, ಊರುಗೋಲು ಬಂದಿತ್ತು. ರೈಲಿನ ಬೆಂಚು, ಹೋಟೆಲಿನ ಹಾಸಿಗೆ, ಯಾರದೋ ಒದ್ದೆ ಕೈ, ಮತ್ತದೇ ನಗು. ಐವತ್ತೆಂಟನೇ ವಯಸ್ಸಿಗೆ ಅವನಿಗೆ ಸಾಕುಸಾಕಾಗಿತ್ತು, ಅದನ್ನು ಹೇಳಿಕೊಳ್ಳಲೂ ಬೇಜಾರಾಗಿತ್ತು.

ಹೀಗಿರುವಾಗ ಮೇ ತಿಂಗಳ ಒಂದು ಶುಕ್ರವಾರ ವೆಂಡೆಲ್ ಪ್ರಾಥರ್ ಅವನನ್ನು ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಕರೆದ. ಇಬ್ಬರೂ ಒಂದೇ ವರ್ಷ ವಕೀಲರಾದವರು. ಪ್ರಾಥರ್ ಈಗ ಲಾಂಡ್ರಿ ಮಾಲೀಕರ ವಕೀಲ. ಅದಕ್ಕಿಂತ ಮುಖ್ಯವಾಗಿ, ಅಭ್ಯರ್ಥಿಗಳನ್ನು ಆರಿಸುವ ಪಕ್ಷದ ಸಮಾವೇಶದಲ್ಲಿ ಯಾರ ಹೆಸರು ಏಳಬೇಕು, ಯಾರದ್ದು ಏಳಬಾರದು ಎಂದು ಮೊದಲೇ ಗೊತ್ತುಮಾಡುವ ನಾಲ್ಕು ಜನರಲ್ಲಿ ಒಬ್ಬ. ಊಟ ಮುಗಿದು ಸಿಹಿತಿಂಡಿ ಪೈ ಬರುವ ಹೊತ್ತಿಗೆ ಅವನು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಅದು ೧೯೦೯ರ ಶಾಸನಸಭೆಯ ನಡವಳಿ ಪುಸ್ತಕ.

“ಓದು,” ಅಂದ.

“ಕನ್ನಡಕ ತಂದಿಲ್ಲ.”

“ತಂದಿದ್ದೀಯ, ಜೇಬಲ್ಲಿದೆ. ನೀನೇ ಆಡಿರೋ ಮಾತು ಮಾರಾಯ, ಓದು.”

ಟಾಲ್‌ಕಟ್ ಕನ್ನಡಕ ಏರಿಸಿ ಓದಿದ. ‘ಸಮಯ: ಹಗಲು ಹನ್ನೊಂದು ಗಂಟೆ ಐವತ್ತು ನಿಮಿಷ. ದೀಪ ಹಚ್ಚಿಕೊಟ್ಟಿದ್ದಕ್ಕಾಗಿ ಸಭೆಯ ಜವಾನ ನೆಲ್ಸ್ ಟಾರ್ಗರ್‌ಸನ್ ಅವರಿಗೆ ವಂದನೆ ಸಲ್ಲಿಸುವ ನಿರ್ಣಯವನ್ನು ಶ್ರೀ ಟಾಲ್‌ಕಟ್ ಮಂಡಿಸಿದರು. ಸರ್ವಾನುಮತದಿಂದ ಅಂಗೀಕಾರವಾಯಿತು.’ ಅದರ ಕೆಳಗಿನ ಸಾಲಿನಲ್ಲಿ, ಅದೇ ಹನ್ನೊಂದು ಐವತ್ತಕ್ಕೆ, ಲಾಂಡ್ರಿ ಹೆಂಗಸರಿಗೆ ದಿನಕ್ಕೆ ಹತ್ತೇ ಗಂಟೆ ಕೆಲಸ ಎಂಬ ಮಸೂದೆ ಪಾಸಾಗಿತ್ತು.

“ಹಾಡುಹಗಲು, ನಡು ಮಧ್ಯಾಹ್ನಕ್ಕೆ ಹತ್ತು ನಿಮಿಷ ಮುಂಚೆ, ದೀಪ ಹಚ್ಚಿದ್ದಕ್ಕೆ ವಂದನೆ!” ಪ್ರಾಥರ್ ಹೊಟ್ಟೆ ಹಿಡಿದು ನಕ್ಕ. “ನಿಮ್ಮಮ್ಮ ಕಲಿಸಿದ ಒಳ್ಳೇ ನಡತೆ ಎಲ್ಲಿಗೆ ತಂದು ನಿಲ್ಲಿಸ್ತು ನೋಡು.”

“ಅವತ್ತು ಮೋಡ ಇತ್ತು.”

“ಹವಾಮಾನ ಕಚೇರಿಯಿಂದ ಬರಸ್ಕೊಂಡು ಬಂದಿದ್ದೀನಿ. ಅಂಗೈ ಅಗಲ ಮೋಡನೂ ಇರ್ಲಿಲ್ಲ.”

ಟಾಲ್‌ಕಟ್ ಪುಸ್ತಕ ಮುಚ್ಚಿದ. ಪೈ ಬಂದಿತ್ತು, ತಿನ್ನುವ ಮನಸ್ಸಿರಲಿಲ್ಲ.

ನಮ್ಮ ರಾಜ್ಯದ ಸಂವಿಧಾನದಲ್ಲಿ ಒಂದು ಮಾತಿದೆ. ಅಧಿವೇಶನ ಅರವತ್ತನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯತಕ್ಕದ್ದು. ಆಮೇಲೆ ಪಾಸು ಮಾಡಿದ್ದೆಲ್ಲ ರದ್ದಿ ಕಾಗದ. ಬರೆದಿಟ್ಟವರು ಪುಣ್ಯಾತ್ಮರು, ಆದರೆ ಅವರಿಗೆ ಶಾಸಕರ ಪರಿಚಯ ಸಾಲದು. ಐವತ್ತೊಂಬತ್ತು ದಿನ ಕಾಲಹರಣ ಮಾಡಿ ಅರವತ್ತನೆಯ ದಿನ ಎದ್ದೆನೋ ಬಿದ್ದೆನೋ ಎಂದು ಓಡುವ ಜಾತಿ ಅದು. ಹಾಗಾಗಿ ಮೂವತ್ತು ವರ್ಷದಿಂದ ಸಭೆಯಲ್ಲಿ ಒಂದು ಪದ್ಧತಿ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಎಲ್ಲರಿಗಿಂತ ಎತ್ತರದ ಸದಸ್ಯ ಎದ್ದುಹೋಗಿ ಗೋಡೆಯ ದೊಡ್ಡ ಗಡಿಯಾರದ ಬಾಗಿಲು ತೆಗೆದು ಲೋಲಕ ಹಿಡಿದು ನಿಲ್ಲಿಸುತ್ತಾನೆ. ಆಗ ಸಭೆಯ ಪ್ರಾರ್ಥನೆಗೆ ಬಂದ ಪಾದ್ರಿಗಳು ಚಾವಣಿ ನೋಡುತ್ತಾರೆ, ಪತ್ರಕರ್ತರು ಪೆನ್ಸಿಲ್ ಹೆರೆಯುತ್ತಾರೆ. ಕೆಲಸವೆಲ್ಲ ಮುಗಿದ ಮೇಲೆ, ಅದು ಮೂರು ಗಂಟೆಯಾಗಲಿ ಏಳು ಗಂಟೆಯಾಗಲಿ, ಲೋಲಕ ಬಿಡುತ್ತಾರೆ. ಹತ್ತು ನಿಮಿಷಕ್ಕೆ ಗಡಿಯಾರ ಹನ್ನೆರಡು ಹೊಡೆಯುತ್ತದೆ, ಅಧಿವೇಶನ ಕಾನೂನುಬದ್ಧವಾಗಿ ಮುಗಿಯುತ್ತದೆ. ಈ ವಿಷಯ ಸಭೆಯ ಹೊರಗೆ ಯಾರೂ ಬಾಯಿ ಬಿಡುವುದಿಲ್ಲ. ಹೆಂಡತಿಗೆ ಮೋಸ ಮಾಡಿದವನಿಗೆ ಪಕ್ಷದಲ್ಲಿ ಕ್ಷಮೆಯುಂಟು, ಇದನ್ನು ಬಾಯಿ ಬಿಟ್ಟವನಿಗೆ ಇಲ್ಲ.

ಟಾಲ್‌ಕಟ್ ಆರಡಿ ನಾಲ್ಕಂಗುಲ. ಗೆದ್ದುಬಂದ ಮೊದಲ ವರ್ಷದಿಂದಲೇ ಆ ಕೆಲಸ ಅವನ ಪಾಲಿಗೆ ಬಿದ್ದಿತ್ತು.

೧೯೦೯ರ ಮಾರ್ಚಿನಲ್ಲೂ ಅವನೇ ಊರುಗೋಲಿನ ಹಿಡಿಯಿಂದ ಲೋಲಕ ತಡೆದಿದ್ದ. ಅಂದು ಮೂವತ್ತೊಂದು ಮಸೂದೆಗಳು ಬಾಕಿಯಿದ್ದವು. ಕೊನೆಯದು ಲಾಂಡ್ರಿಯದು, ಅವನೇ ತಂದದ್ದು. ಅದನ್ನು ತರಲು ಕಾರಣ ಬೊಜೆನಾ ಹ್ರೂಶ್ಕಾ ಎಂಬ ಹೆಂಗಸು. ಬೊಹೆಮಿಯಾದಿಂದ ಬಂದವಳು, ನಲವತ್ತರ ಆಸುಪಾಸು, ವಾಟರ್ ಸ್ಟ್ರೀಟಿನ ಸ್ಟೀಮ್ ಲಾಂಡ್ರಿಯಲ್ಲಿ, ಅಂಗಿಯಿಂದ ಬಿಚ್ಚಿ ಒಗೆಯಲು ಕೊಡುವ ಗಂಜಿ ಕಾಲರ್ ಇಸ್ತ್ರಿ ಮಾಡುವವಳು. ಸಮಿತಿಯ ಮುಂದೆ ಸಾಕ್ಷಿ ಹೇಳಲು ಬಂದಾಗ ತೋಳು ಮಡಿಸಿ ಸುಟ್ಟ ಗಾಯ ತೋರಿಸಲಿಲ್ಲ, ಅಳಲಿಲ್ಲ. ದಿನಕ್ಕೆ ಎಷ್ಟು ಗಂಟೆ ಕೆಲಸ ಎಂದು ಕೇಳಿದ್ದಕ್ಕೆ, “ಲೆಕ್ಕ ಇಟ್ಟಿಲ್ಲ ಸಾರ್. ಕತ್ತಲಲ್ಲಿ ಹೋಗ್ತೀವಿ, ಕತ್ತಲಲ್ಲಿ ಬರ್ತೀವಿ. ಚಳಿಗಾಲದಲ್ಲಿ ನಮ್ಮನೆ ಬಾಗಿಲು ಯಾವ ಬಣ್ಣ ಅಂತ ಭಾನುವಾರ ಮಾತ್ರ ಗೊತ್ತಾಗೋದು,” ಎಂದಳು. ಟಾಲ್‌ಕಟ್‌ನ ಕತ್ತಿನಲ್ಲಿದ್ದ ಕಾಲರ್ ಅದೇ ಲಾಂಡ್ರಿಯಿಂದ ಬಂದದ್ದು. ಅವನಿಗೆ ನಿಜವಾಗಿ ನಾಚಿಕೆಯಾಯಿತು, ಮನೆಗೆ ಹೋಗುವವರೆಗೂ ಕತ್ತು ತುರಿಸುತ್ತಿತ್ತು.

ಆ ಕೊನೆಯ ದಿನ ಬೊಜೆನಾ ಕೆಲಸಕ್ಕೆ ಚಕ್ಕರ್ ಹಾಕಿ ಬೆಳಗಿನಿಂದ ಪ್ರೇಕ್ಷಕರ ಬಾಲ್ಕನಿಯಲ್ಲಿ ಕೂತಿದ್ದಳು. ಹೊರಗೆ ಕತ್ತಲಾಯಿತು. ಮುದುಕ ನೆಲ್ಸ್ ಮೆಲ್ಲಗೆ ಬಂದು ದೀಪ ಹಚ್ಚಿದ. ಯಾರೇ ಏನು ಸಹಾಯ ಮಾಡಿದರೂ ಎದ್ದುನಿಂತು ವಂದನೆ ಹೇಳುವುದು ಟಾಲ್‌ಕಟ್‌ನ ಅಭ್ಯಾಸ, ಹೇಳಿದ. ಗುಮಾಸ್ತನೂ ಅಭ್ಯಾಸಬಲದಿಂದ ಗೋಡೆ ನೋಡಿ ಸಮಯ ಬರೆದುಕೊಂಡ. ಆರೂಕಾಲಿಗೆ ಮಸೂದೆ ಪಾಸಾಯಿತು. ಟಾಲ್‌ಕಟ್ ಮೇಲೆ ಹತ್ತಿಹೋಗಿ ಸುದ್ದಿ ಹೇಳಿದಾಗ ಬೊಜೆನಾ ಗೋಡೆಯತ್ತ ಕೈ ತೋರಿದಳು.

“ನಿಮ್ ಗಡಿಯಾರ ನಿಂತೋಗಿದೆ ಸಾರ್.”

“ನಿಂತಿಲ್ಲಮ್ಮ, ನಿಲ್ಲಿಸಿದ್ದೀವಿ. ಕೆಲ್ಸ ಮುಗಿಯೋವರೆಗೂ ಹನ್ನೆರಡು ಹೊಡೀಬಾರದು.”

ಅವಳು ಸ್ವಲ್ಪ ಯೋಚಿಸಿದಳು. “ಅಯ್ಯೋ, ನಮ್ ಫೋರ್‌ಮನ್‌ಗೆ ಮಾತ್ರ ಇದನ್ನ ಹೇಳ್ಬೇಡಿ ಮತ್ತೆ,” ಎಂದಳು. ಇಬ್ಬರೂ ನಕ್ಕರು. ಹೊರಗೆ ಆಡಬಾರದ್ದನ್ನು ಆಡಿದೆನೆಂದು ಅವನಿಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಆದರೆ ಇಸ್ತ್ರಿ ಮಾಡುವ ಹೆಂಗಸಿನ ಮಾತು ಕೇಳುವವರಾರು ಎಂದು ಸುಮ್ಮನಾದ.

ಈಗ ಲಾಂಡ್ರಿಯವರು ಆ ಕಾಯಿದೆ ಹುಟ್ಟಿದ್ದೇ ಸುಳ್ಳು ಎಂದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಮುಂದಿನ ಗುರುವಾರ ವಿಚಾರಣೆ.

“ನೋಡು ಓರಿನ್,” ಪ್ರಾಥರ್ ದನಿ ತಗ್ಗಿಸಿದ. “ಗುರುವಾರ ಎದ್ದು ನಿಂತ್ಕೋ. ನಡವಳಿಯಲ್ಲಿ ಹನ್ನೊಂದು ಐವತ್ತು ಅಂತಿದೆ, ಅದೇ ಸತ್ಯ ಅಂತ ಕಾಲು ಗಂಟೆ ಮಾತಾಡು, ಕೂತ್ಕೋ. ನಾನು ದೀಪದ ಸಾಲು ಓದ್ತೀನಿ. ನೀನು ಸೋಲ್ತೀಯ. ಯಾರೂ ನಿನ್ನ ಬೈಯಲ್ಲ. ಜುಲೈನಲ್ಲಿ ಸಮಾವೇಶ ಸೇರಿದಾಗ ನಾನೇ ಎದ್ದು ನಿನ್ನ ಹೆಸರು ಹೇಳ್ತೀನಿ. ಆ ಕುರ್ಚಿ ನಿಂದು.”

“ನಾನು ಬೇರೆ ಏನಾದ್ರೂ ಮಾತಾಡಿದ್ರೆ?”

“ಬೇರೆ ಏನಿದೆ ಮಾತಾಡೋಕೆ?” ಪ್ರಾಥರ್ ಅವನ ತಟ್ಟೆಯ ಪೈಯನ್ನೂ ತನ್ನ ಕಡೆ ಎಳೆದುಕೊಂಡ. “ನಿಂಗೆ ಸಾಕಾಗಿದೆ. ಮುಖ ನೋಡಿದ್ರೆ ಗೊತ್ತಾಗತ್ತೆ. ಹೋಗಿ ಕೂತ್ಕೋ ಮಾರಾಯ, ಆರಾಮಾಗಿ.”

ಬೇರೆ ಮಾತು ಇತ್ತು. ಟಾಲ್‌ಕಟ್‌ಗೆ ಪುಸ್ತಕ ಮುಚ್ಚುವಾಗಲೇ ಅದು ಹೊಳೆದಿತ್ತು, ಹೊಳೆಯದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತ್ತು.

ಭಾನುವಾರ ಅವನು ತೊಂಬತ್ತು ಮೈಲಿ ರೈಲಿನಲ್ಲಿ ಊರಿಗೆ ಹೋದ. ಹೆಂಡತಿ ಲವೀನಿಯಾ ಊರಲ್ಲೇ ಇದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಜೊತೆಯಲ್ಲಿ ಕಳೆದದ್ದು ಭಾನುವಾರಗಳನ್ನೇ. ನ್ಯಾಯಾಧೀಶನಾದರೆ ರಾಜಧಾನಿಯಲ್ಲೇ ನೆಲೆ. ಎಲ್ಮ್ ಮರಗಳ ಬೀದಿಯಲ್ಲಿ, ಮುಂದೆ ಅಗಲವಾದ ಜಗಲಿಯಿದ್ದ ಒಂದು ಬೂದು ಬಣ್ಣದ ಮನೆಯನ್ನು ಲವೀನಿಯಾ ಎರಡು ಸಲ ಬಂದು ನೋಡಿ, ಪರದೆಗೆ ಅಳತೆಯನ್ನೂ ತೆಗೆದುಕೊಂಡು ಹೋಗಿ, ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು.

ಅವನು ಎಲ್ಲವನ್ನೂ ಹೇಳಿದ. ಅವಳು ಬಟಾಣಿ ಬಿಡಿಸುತ್ತಿದ್ದಳು.

“ಆ ಇನ್ನೊಂದು ಮಾತು ಆಡಿದ್ರೆ ಕಾಯಿದೆ ಉಳಿಯತ್ತಾ?” ಎಂದು ಕೇಳಿದಳು.

“ಉಳಿಯತ್ತೆ ಅನ್ಸತ್ತೆ.”

“ಆಡಿದ್ರೆ ಕುರ್ಚಿ?”

“ಹೋಗತ್ತೆ. ಕುರ್ಚಿಯೇನು, ನಾಯಿ ಹಿಡಿಯೋನ ಕೆಲಸಕ್ಕೂ ನನ್ನ ಹೆಸರು ಯಾರೂ ಎತ್ತಲ್ಲ.”

ಅವಳು ಇನ್ನೊಂದು ಸಿಪ್ಪೆ ಸುಲಿದಳು. “ಓರಿನ್, ನೀನು ನನ್ನ ಕೇಳೋಕೆ ಬಂದ್ಯೋ, ಅಥವಾ ನಾನು ಬೇಡ ಅಂದೆ ಅಂತ ಹೇಳ್ಕೊಳ್ಳೋಕೆ ಬಂದ್ಯೋ?”

ಅವನೂ ಒಂದು ಬಟಾಣಿ ತೆಗೆದು ಬಿಡಿಸತೊಡಗಿದ.

“ನಂಗೆ ಆ ಮನೆ ಬೇಕು,” ಎಂದಳು ಲವೀನಿಯಾ. “ತುಂಬಾ ಬೇಕು. ಇದನ್ನ ನಿನ್ನ ಮುಂದೆ ಮುಚ್ಚಿಡಲ್ಲ. ಆದ್ರೆ ಆ ಮನೆ ಜಗಲಿಯಲ್ಲಿ ನೀನು ದಿನಾ ಮುಖ ಊದಿಸ್ಕೊಂಡು ಕೂತ್ರೆ, ನಾನು ಯಾರ ಜೊತೆ ಮಾತಾಡ್ಲಿ? ನೀನೇ ಯೋಚ್ನೆ ಮಾಡು. ಈಗ ಕೈ ತೊಳ್ಕೊಂಡು ಬಾ, ಊಟಕ್ಕೆ ಹಾಕ್ತೀನಿ.”

ಅವನಿಗೆ ಅವಳ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ವಾಪಸು ಬರುವ ರೈಲಿನಲ್ಲಿ ನಿದ್ದೆ ಮಾತ್ರ ಬರಲಿಲ್ಲ.

ಗುರುವಾರ ಕೋರ್ಟು ಕಿಕ್ಕಿರಿದಿತ್ತು. ಹಿಂದಿನ ಬೆಂಚಿನಲ್ಲಿ ಲಾಂಡ್ರಿಯ ಫೋರ್‌ಮನ್ ಗ್ರಿಮ್ಸ್, ಕೆಂಪು ಕತ್ತಿನ ದಪ್ಪ ಮನುಷ್ಯ, ಟೋಪಿ ತೊಡೆಯ ಮೇಲಿಟ್ಟು ಕೂತಿದ್ದ. ಪ್ರಾಥರ್ ದೀಪದ ಸಾಲನ್ನು ಎರಡು ಸಲ ಓದಿದ, ಎರಡನೆಯ ಸಲ ನಾಟಕದವನ ಹಾಗೆ ಅಂಗೈಯನ್ನು ಹಣೆಗಿಟ್ಟು ಸೂರ್ಯನನ್ನು ಹುಡುಕಿದ. ನ್ಯಾಯಾಧೀಶರೂ ನಕ್ಕರು. ಆಮೇಲೆ ಮುಖ್ಯ ನ್ಯಾಯಾಧೀಶ ಲೂಮಿಸ್ ಟಾಲ್‌ಕಟ್‌ನ ಕಡೆ ತಿರುಗಿದರು.

“ಜನರಲ್, ಅವತ್ತು ನೀವೂ ಸಭೇಲಿ ಇದ್ರಿ. ದೀಪ ಯಾಕೆ ಹಚ್ಚಿದ್ರು?”

ಟಾಲ್‌ಕಟ್ ಎದ್ದ. ಎಡತುದಿಯ ಕುರ್ಚಿಯ ಮೇಲೆ ಅವನ ಕಣ್ಣು ಒಂದು ಗಳಿಗೆ ನಿಂತಿತು. ಚರ್ಮ ಮೆತ್ತಗಿದ್ದಂತೆ ಕಾಣುತ್ತಿತ್ತು.

“ಕತ್ತಲಾಗಿತ್ತು, ಸ್ವಾಮಿ,” ಅಂದ. “ಸಂಜೆ ಆರು ಗಂಟೆ ಆಗಿತ್ತು. ಗಡಿಯಾರನ ನಾನೇ ನಿಲ್ಲಿಸಿದ್ದೆ. ಈ ಕೋಲಿಂದ.”

ಪ್ರಾಥರ್ ಮುಖದ ನಗು ಅರ್ಧಕ್ಕೆ ಹಾಗೇ ಉಳಿಯಿತು.

“ಅವತ್ತೊಂದೇ ದಿನ ಅಲ್ಲ. ಪ್ರತಿ ಅಧಿವೇಶನದಲ್ಲೂ ನಿಲ್ಲಿಸ್ತೀವಿ, ಮೂವತ್ತು ವರ್ಷದಿಂದ. ಅದು ತಪ್ಪು ಅಂತ ಕೋರ್ಟು ಹೇಳೋದಾದ್ರೆ ಹೇಳ್ಲಿ, ನಾನು ತಲೆ ಬಾಗಿಸ್ತೀನಿ. ಆದ್ರೆ ಹೇಳೋದು ಎಲ್ಲದಕ್ಕೂ ಹೇಳ್ಬೇಕು, ಲಾಂಡ್ರಿ ಹೆಂಗಸರಿಗೆ ಮಾತ್ರ ಅಲ್ಲ. ಈ ಕಟ್ಟಡ ಕಟ್ಟೋಕೆ ಅಪ್ಪಣೆ ಕೊಟ್ಟ ಕಾಯಿದೆ ಪಾಸಾಗಿದ್ದು ಮಧ್ಯಾಹ್ನ ಮೂರೂವರೆಗೆ. ಕಂಪನಿಗಳನ್ನ ನೋಂದಾಯಿಸೋ ಕಾಯಿದೆ, ೧೯೦೧ರದ್ದು, ಸಂಜೆ ಐದಕ್ಕೆ. ಅದು ಸುಳ್ಳಾದ್ರೆ ನನ್ನ ಸ್ನೇಹಿತರ ಕಕ್ಷಿದಾರರು ಈ ಕೋರ್ಟಿಗೆ ಬರೋ ಹಾಗೇ ಇಲ್ಲ. ಆ ಕಂಪನಿ ಇನ್ನೂ ಹುಟ್ಟೇ ಇಲ್ಲ.”

ಯಾರೋ ಕಿಸಕ್ಕೆಂದರು. ಟಾಲ್‌ಕಟ್ ನಗಲಿಲ್ಲ.

“ಇನ್ನೊಂದು. ಈ ಕೋರ್ಟಲ್ಲಿ ಮೊದ್ಲು ಮೂರು ಕುರ್ಚಿ ಇತ್ತು. ೧೮೯೯ರಲ್ಲಿ ಅದನ್ನ ಐದು ಮಾಡಿದ್ವಿ. ಅವತ್ತೂ ಲೋಲಕ ಹಿಡ್ಕೊಂಡಿದ್ದು ನಾನೇ, ಸಂಜೆ ನಾಲ್ಕಾಗಿತ್ತು. ಹಾಗಾಗಿ ತುದಿಯ ಎರಡು ಕುರ್ಚಿಯವರು, ತಪ್ಪು ತಿಳ್ಕೋಬೇಡಿ, ಈ ಕೇಸು ಕೇಳೋ ಹಾಗಿಲ್ಲ.”

ತುದಿಯ ಇಬ್ಬರೂ ತಮ್ಮ ಕುರ್ಚಿಯ ತೋಳುಗಳನ್ನು ನೋಡಿಕೊಂಡರು. ಟಾಲ್‌ಕಟ್ ಹೇಳುವುದು ಮುಗಿದಿತ್ತು. ಸುಮ್ಮನೆ ಕೂತುಕೊಂಡ. ಧೈರ್ಯವೇನೂ ಅನ್ನಿಸಲಿಲ್ಲ, ಹೊತ್ತುಕೊಂಡಿದ್ದ ಭಾರವೊಂದನ್ನು ಇಳಿಸಿದ ಹಾಗೆಯೂ ಇರಲಿಲ್ಲ. ಮನೆಗೆ ಹೋಗಿ ಮಲಗಬೇಕು ಅನ್ನಿಸಿತು, ಅಷ್ಟೇ.

ಜೂನ್ ತಿಂಗಳಲ್ಲಿ ತೀರ್ಪು ಬಂತು. ಐವರಲ್ಲಿ ನಾಲ್ವರು ಕಾಯಿದೆಯನ್ನು ಎತ್ತಿಹಿಡಿದರು. ಸಭೆಯ ಗಡಿಯಾರ ಸಭೆಯದ್ದು, ಅದು ತೋರಿಸುವ ಸಮಯವೇ ಸಮಯ, ಅದರ ಹಿಂದೆ ಇಣುಕಲು ಕೋರ್ಟಿಗೆ ಅಧಿಕಾರವಿಲ್ಲ ಎಂದು ಬರೆದರು. ಆ ಹೊತ್ತಿಗೆ ಪತ್ರಿಕೆಗಳು ಟಾಲ್‌ಕಟ್‌ನ ಮಾತನ್ನು ಒಂದಕ್ಷರ ಬಿಡದೆ ಅಚ್ಚುಹಾಕಿ, ಉದ್ದ ಮನುಷ್ಯನೊಬ್ಬ ಲೋಲಕಕ್ಕೆ ಜೋತುಬಿದ್ದ ಚಿತ್ರವನ್ನೂ ಹಾಕಿದ್ದವು. ಹಳೆಯ ಶಾಸಕರು ಅವನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟಿಹೋಗುತ್ತಿದ್ದರು. ನೆಲ್ಸ್ ಟಾರ್ಗರ್‌ಸನ್ ಮಾತ್ರ ಒಂದು ದಿನ ಕಾರಿಡಾರಿನಲ್ಲಿ ತಡೆದು, “ನನ್ ಹೆಸರು ಪೇಪರಲ್ಲಿ ಬಂತು ಜನರಲ್ರೇ, ಮೊಮ್ಮಗಳು ಕತ್ತರಿಸಿ ಇಟ್ಕೊಂಡಿದಾಳೆ,” ಎಂದು ಕೈಕುಲುಕಿದ.

ಜುಲೈ ಸಮಾವೇಶದ ದಿನ ವಿಪರೀತ ಸೆಕೆ. ಎಂಟುನೂರು ಜನ ರಟ್ಟಿನ ಬೀಸಣಿಗೆ ಬೀಸುತ್ತಿದ್ದರು. ನ್ಯಾಯಾಧೀಶರ ಸರದಿ ಬಂದಾಗ ಪ್ರಾಥರ್ ಎದ್ದು ಬ್ಯಾಂಕಿನವರ ಅಳಿಯನೊಬ್ಬನ ಹೆಸರು ಹೇಳಿದ. ಅಟಾರ್ನಿ ಜನರಲ್ ಹುದ್ದೆಗೂ ಬೇರೊಬ್ಬನ ಹೆಸರು ಬಂತು. ಟಾಲ್‌ಕಟ್ ಕೊನೆಯ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಹೊರಗೆ ಬರುವಾಗ ಒಬ್ಬನೂ ಅವನ ಕೈ ಕುಲುಕಲಿಲ್ಲ. ಇಪ್ಪತ್ತಾರು ವರ್ಷ ಆ ಕೈಗಳನ್ನು ಶಪಿಸಿದ್ದವನಿಗೆ ಅಂದು ಅಳು ಬಂತು.

ಮನೆಗೆ ಹೋದಾಗ ಲವೀನಿಯಾ ಬಾಗಿಲು ತೆರೆದಳು. “ಊಟ ಮಾಡಿದ್ಯಾ?” ಅಂದಳು. ಪರದೆಯ ಅಳತೆ ಬರೆದ ಚೀಟಿ ಅಡುಗೆಮನೆಯ ಗೋಡೆಯಲ್ಲಿ ಕಾಣಲಿಲ್ಲ.

ಸೆಪ್ಟೆಂಬರ್ ಬಂತು. ಹುದ್ದೆ ಜನವರಿಯವರೆಗೆ ಇತ್ತು, ಕೆಲಸ ಮಾತ್ರ ಇರಲಿಲ್ಲ. ಯಾರೂ ಏನನ್ನೂ ಕಳಿಸುತ್ತಿರಲಿಲ್ಲ. ಒಂದು ಸಂಜೆ ಟಾಲ್‌ಕಟ್ ಕಚೇರಿಯ ಕಿಟಕಿ ಮುಚ್ಚಿ ವಾಟರ್ ಸ್ಟ್ರೀಟಿನ ಕಡೆ ನಡೆದ. ತಾನು ಗೆದ್ದದ್ದು ಹೇಗಿರುತ್ತದೆ ಎಂದು ಅವನು ಇನ್ನೂ ಕಣ್ಣಾರೆ ನೋಡಿರಲಿಲ್ಲ. ಲಾಂಡ್ರಿ ಬೆಳಿಗ್ಗೆ ಏಳಕ್ಕೆ ಶುರು, ನಡುವೆ ಒಂದು ಗಂಟೆ ಊಟ, ಆರಕ್ಕೆ ಬಿಡಬೇಕು. ಸೂರ್ಯ ಮುಳುಗುವ ಮುಂಚೆ ಆ ಹೆಂಗಸರು ಹೊರಗೆ ಬರುವುದನ್ನು ಎದುರು ಬದಿಯಲ್ಲಿ ನಿಂತು ನೋಡಿ, ಆ ಒಂದು ಸಮಾಧಾನವನ್ನಾದರೂ ಜೇಬಿಗೆ ಹಾಕಿಕೊಂಡು ಹೋಗೋಣ ಎಂದು ಅವನ ಆಸೆ.

ಅವನ ಜೇಬಿನ ಸರಪಳಿ ಗಡಿಯಾರದಲ್ಲಿ ಆರಾಯಿತು. ಸೀಟಿ ಊದಲಿಲ್ಲ. ಆರೂಕಾಲಾಯಿತು. ನದಿಯ ಆಚೆ ಸೂರ್ಯ ಮುಳುಗಿತು. ಆರೂ ಮೂವತ್ತೈದಕ್ಕೆ ಅವನು ರಸ್ತೆ ದಾಟಿ ಒಳಗೆ ಹೋದ.

ಒಳಗೆ ಹಬೆ, ಗಂಜಿಯ ವಾಸನೆ, ದೀಪ. ನಲವತ್ತು ಹೆಂಗಸರು ಬಗ್ಗಿದ ತಲೆ ಎತ್ತದೆ ಕೆಲಸ ಮಾಡುತ್ತಿದ್ದರು. ಬಾಗಿಲಿನ ಮೇಲೆ ಒಂದು ಗೋಡೆ ಗಡಿಯಾರ. ಅದರಲ್ಲಿ ಆರಕ್ಕೆ ಹತ್ತು ನಿಮಿಷ ಇತ್ತು.

ಬೊಜೆನಾ ಕಾಲರ್ ಯಂತ್ರದ ಹತ್ತಿರ ನಿಂತಿದ್ದಳು. “ಏನ್ ಜನರಲ್ರೇ, ಕಾಲರ್ ಬೇಕಿತ್ತಾ? ನಿಮ್ದು ನಾಳೆ ಆಗತ್ತೆ.”

“ಗಂಟೆ ಎಷ್ಟು, ಬೊಜೆನಾ?”

“ಅದು ಹೇಳಿದಷ್ಟು.” ಅವಳು ಕೈ ಎತ್ತದೆ ಗದ್ದದಿಂದಲೇ ಬಾಗಿಲಿನ ಮೇಲೆ ತೋರಿದಳು. “ನಮಗೆ ಬೇರೆ ಗಡಿಯಾರ ಎಲ್ಲಿದೆ? ಒಳಗೆ ತರೋ ಹಾಗಿಲ್ಲ. ಊಟ ಆದ್ಮೇಲೆ ಅದು ಒಂದು ಸಲ ಹಿಂದಕ್ಕೆ ಹೋಗತ್ತೆ.”

“ಎಷ್ಟು ದಿನದಿಂದ ಹೀಗೆ?”

“ಪೇಪರಲ್ಲಿ ನಿಮ್ ಮಾತು ಬಂತಲ್ಲ, ಅದರ ಮುಂದಿನ ಸೋಮವಾರದಿಂದ. ಗ್ರಿಮ್ಸ್ ಅದನ್ನ ಕತ್ತರಿಸಿ ಅಂಟಿಸಿದಾನೆ, ನೋಡಿ ಅಲ್ಲಿ.” ಗಡಿಯಾರದ ಪಕ್ಕದಲ್ಲೇ, ಹಬೆಗೆ ಸುಕ್ಕಾದ ಕಾಗದದಲ್ಲಿ, ಉದ್ದ ಮನುಷ್ಯ ಲೋಲಕಕ್ಕೆ ಜೋತುಬಿದ್ದಿದ್ದ. ಬೊಜೆನಾ ಒಂದು ಕಾಲರ್ ತೆಗೆದು ಇನ್ನೊಂದು ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತೇ ಹೇಳಿದ್ನಲ್ಲ ಸಾರ್, ನಮ್ ಫೋರ್‌ಮನ್‌ಗೆ ಹೇಳ್ಬೇಡಿ ಅಂತ.”

ಟಾಲ್‌ಕಟ್‌ಗೆ ಕುರ್ಚಿ ಹೋದಾಗ ಇಷ್ಟು ನೋವಾಗಿರಲಿಲ್ಲ. ಕೇಸು ಹಾಕಬಹುದು. ಹಾಕಿದರೆ ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಅಷ್ಟರಲ್ಲಿ ಜನವರಿ, ಹೊಸ ಜನರಲ್, ಪ್ರಾಥರ್‌ನ ಇನ್ನೊಂದು ಊಟ. ಹಾಕುತ್ತೇನೆ ಎಂದುಕೊಂಡ. ಆದರೆ ಅದು ನಾಳೆಯ ಮಾತು, ಈ ಹೆಂಗಸರು ಈಗ ನಿಂತಿದ್ದರು.

ಒದ್ದೆ ಬಟ್ಟೆ ತುಂಬುವ ದೊಡ್ಡ ಖಾಲಿ ಮರದ ಡಬ್ಬವೊಂದನ್ನು ಅವನು ಬಾಗಿಲ ಹತ್ತಿರ ಎಳೆದು ಬೋರಲು ಹಾಕಿದ. ಒಳ್ಳೆಯ ಕಾಲು ಮೊದಲು ಇಟ್ಟ, ಕೆಟ್ಟ ಕಾಲನ್ನು ಹಿಂದೆ ಎಳೆದುಕೊಂಡ. ಮಂಡಿ ಕಿತ್ತುಬರುವ ಹಾಗೆ ನೋಯಿತು.

“ಏ ಏ ಏ!” ಗ್ರಿಮ್ಸ್ ಹಬೆಯೊಳಗಿಂದ ಓಡಿಬಂದ. “ಜನರಲ್ಸಾಹೇಬ್ರಾ? ಇಳೀರಿ ಕೆಳಗೆ! ಕಾನೂನು ಪ್ರಕಾರ ಹತ್ತೇ ಗಂಟೆ ದುಡಿಸ್ತಿದೀವಿ. ಗಡಿಯಾರ ನಮ್ದು. ಗಡಿಯಾರ ಯಾರದ್ದೋ ಸಮಯ ಅವರದ್ದು ಅಂತ ಕೋರ್ಟೇ ಹೇಳಿದೆಯಲ್ಲ, ನೀವೇ ಗೆದ್ದಿದ್ದು!”

“ಅದು ಶಾಸನಸಭೆಗೆ ಹೇಳಿದ್ದು ಕಣಯ್ಯ. ಇದೇನು ಶಾಸನಸಭೆನಾ? ಇಲ್ಲಿ ಕೆಲಸ ಮಾಡೋರಿದ್ದಾರೆ.”

ಹೆಂಗಸರಲ್ಲಿ ಯಾರೋ ನಕ್ಕರು. ಟಾಲ್‌ಕಟ್ ಗಡಿಯಾರದ ಗಾಜು ತೆರೆದ. ಮೂವತ್ತು ವರ್ಷದ ಪದ್ಧತಿಯಲ್ಲಿ ಆರು ಸಲ ಲೋಲಕ ತಡೆದಿದ್ದ ಕೈ ಅದು. ಮುಳ್ಳನ್ನು ಮುಂದಕ್ಕೆ ತಳ್ಳಿದ್ದು ಇದೇ ಮೊದಲು. ದೊಡ್ಡ ಮುಳ್ಳು ಹನ್ನೆರಡು ದಾಟುವಾಗ ಗಡಿಯಾರ ಆರು ಹೊಡೆಯಿತು. ಅವನು ಅದನ್ನು ಇನ್ನೂ ಮುಂದಕ್ಕೆ, ತನ್ನ ಜೇಬಿನ ಗಡಿಯಾರ ನೋಡಿ, ಆರೂ ನಲವತ್ತಕ್ಕೆ ತಂದು ಬಿಟ್ಟ.

ಮೊದಲು ಬೊಜೆನಾ ಯಂತ್ರ ನಿಲ್ಲಿಸಿ ಏಪ್ರನ್ ಬಿಚ್ಚಿದಳು. ಪಕ್ಕದವಳು ಅವಳನ್ನು ನೋಡಿ ಬಿಚ್ಚಿದಳು. ಆಮೇಲೆ ಸಾಲಿನುದ್ದಕ್ಕೂ.

“ನಾಳೆ ಮತ್ತೆ ತಿರುಗಿಸ್ತೀನಿ,” ಗ್ರಿಮ್ಸ್ ಹಲ್ಲು ಕಚ್ಚಿ ಹೇಳಿದ.

“ತಿರುಗ್ಸು. ನಾಳೆ ಆರಕ್ಕೆ ಬರ್ತೀನಿ. ನಾಡಿದ್ದೂ ಬರ್ತೀನಿ.”

“ದಿನಾ ಬಂದು ಗಡಿಯಾರ ತಿರುಗಿಸ್ತೀರಾ? ಅಟಾರ್ನಿ ಜನರಲ್ಲು? ನಿಮಗೇನು ಬೇರೆ ಕೆಲ್ಸ ಇಲ್ವಾ?”

“ಇಲ್ಲಪ್ಪ,” ಅಂದ ಟಾಲ್‌ಕಟ್.

ಹತ್ತುವುದೇನೋ ಹತ್ತಿದ್ದ, ಇಳಿಯಲು ಮಂಡಿ ಒಪ್ಪುತ್ತಿರಲಿಲ್ಲ. ಡಬ್ಬದ ಮೇಲೆ ಗೋಡೆ ಹಿಡಿದು ನಿಂತೇ ಇದ್ದ. ಬೊಜೆನಾ ಏಪ್ರನ್ನನ್ನು ಹೆಗಲಿಗೆ ಹಾಕಿಕೊಂಡು ಬಂದು, “ನಿಧಾನ, ನಿಧಾನ, ನನ್ ಹೆಗಲ ಮೇಲೆ ಭಾರ ಹಾಕಿ,” ಎಂದು ಕೈ ಕೊಟ್ಟಳು. ಇಸ್ತ್ರಿಯ ಬಿಸಿ ಇನ್ನೂ ಆರಿರದ ಆ ಕೈ ಹಿಡಿದು ಅವನು ಇಳಿದ.